ಫಕೀರವ್ವನಿಗೆ ದನಿ ಕಟ್ಟಿದ್ದು

ನಮ್ಮೂರಲ್ಲಿ ಒಂದು ಅಂಗಿಗೆ ಒಂದೂವರೆ ದಿನ ಮತ್ತು ಒಂದು ಗುಂಡಿ ಖರ್ಚು. ಕೈಗಡಿಯಾರಕ್ಕೆ ಎರಡು ತಾಸು ಮತ್ತು ಒಂದು ಸ್ಕ್ರೂ. ಫ್ಯಾನಿಗೆ ಅರ್ಧ ದಿನ, ಒಂದು ವಾಷರ್. ಸೈಕಲ್ಲಿಗೆ ಒಂದು ಹಗಲು, ಚಕ್ರದ ಒಂದು ಕಡ್ಡಿ. ಅಂಗಡಿಯಲ್ಲಿ ಕೊಟ್ಟ ದುಡ್ಡನ್ನು ಇದರಲ್ಲಿ ಹಿಡಿದಿಲ್ಲ, ಅದು ಎಲ್ಲ ಊರಿನವರೂ ಕೊಡುವುದೇ. ಸೇತುವೆ ದಾಟಿ ಬಂದ ಸಿದ್ಧ ವಸ್ತು ಯಾವುದೂ ನಮ್ಮಲ್ಲಿ ನಡೆಯುವುದಿಲ್ಲ. ಅದನ್ನು ಬಿಚ್ಚಬೇಕು, ಊರಿನವರ ಕೈಯಿಂದ ಮತ್ತೆ ಕಟ್ಟಬೇಕು, ಕಟ್ಟುವಾಗ ಒಂದು ತುಂಡನ್ನು ಹೊರಗೆ ಉಳಿಸಬೇಕು. ಏನನ್ನೂ ಬಿಡದೆ ಕಟ್ಟಿದರೆ ಮರುದಿನವೇ ಕಳಚಿಕೊಳ್ಳುತ್ತದೆ. ಬೇಡದ್ದನ್ನು ಬಿಟ್ಟರೂ ಅಷ್ಟೇ. ಜವಳಿ ಅಂಗಡಿಯ ಕೊಟ್ರಪ್ಪ ಒಮ್ಮೆ ಜಾಣತನ ಮಾಡಿ ಅಂಗಿಗೆ ಒಂದು ಗುಂಡಿ ಹೆಚ್ಚಿಗೆ ತರಿಸಿ ಅದನ್ನೇ ಬಿಟ್ಟ. ಸಂತೆಯ ನಡುಮಧ್ಯೆ ಎರಡೂ ತೋಳು ಒಟ್ಟಿಗೆ ಜಾರಿ ಕೆಳಗೆ ಬಿದ್ದವು. ಬಿಟ್ಟ ತುಂಡು ಯಾರಿಗಾದರೂ ಒಂದಿಷ್ಟಾದರೂ ನೆನಪಾಗುವಂತಿರಬೇಕು.

ನನ್ನ ಹೆಸರು ಮೌನೇಶ. ಬಸ್ ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಬಿಚ್ಚಿ ಕಟ್ಟುವ ಅಂಗಡಿ ಇದೆ. ಮೂವತ್ತು ವರ್ಷದಿಂದ ಊರಿನ ಕುಕ್ಕರು, ಮಿಕ್ಸಿ, ಟಾರ್ಚು, ಹಲ್ಲಿನ ಸೆಟ್ಟು, ಎಲ್ಲ ನನ್ನ ಮೇಜಿನ ಮೇಲೇ ಹಾದುಹೋಗಿವೆ. ಎರಡು ವರ್ಷದ ಹಿಂದೆ ಒಂದು ಕಂಪ್ಯೂಟರನ್ನೂ ಕಟ್ಟಿದೆ. ಅದರಲ್ಲಿ ಬಿಟ್ಟದ್ದು ಎರಡು ಮೆಮೊರಿ ಪಟ್ಟಿಗಳಲ್ಲಿ ಒಂದನ್ನು, ಹಾಗಾಗಿ ಅದು ಎಮ್ಮೆ ನೀರಿನಿಂದ ಏಳುವ ಹಾಗೆ ಕೆಲಸ ಮಾಡುತ್ತದೆ. ಅದರ ಒಳಗಿನ ವ್ಯವಸ್ಥೆಯನ್ನು ಕಟ್ಟಲು ನನಗೆ ಹನ್ನೊಂದು ದಿನ ಹಿಡಿಯಿತು. ಇಂಗ್ಲಿಷ್ ಓದಿ ಹೇಳಿದವರು ಪಕ್ಕದ ಟೈಪಿಂಗ್ ಕ್ಲಾಸಿನ ರೆಹಮತ್‌ಬಿ ಟೀಚರ್. ಆಗ ಹೊರಗುಳಿದದ್ದು ಇಸ್ಪೀಟಿನ ಆಟ. ಟೀಚರಿಗೆ ಅದರ ಕೊರಗು ಇನ್ನೂ ಹೋಗಿಲ್ಲ.

ಬಸ್ಸುಗಳು ಮಾತ್ರ ನಮ್ಮೂರೊಳಗೆ ಬರುವುದಿಲ್ಲ. ಬಸ್ಸು ಬಿಚ್ಚಿ ಕಟ್ಟುವಷ್ಟು ಪುರುಸೊತ್ತು ಯಾವ ಡ್ರೈವರಿಗಿದೆ? ಅವು ಸೇತುವೆಯ ಆಚೆಯೇ ಐದು ನಿಮಿಷ ನಿಂತು ತಿರುಗಿ ಹೋಗುತ್ತವೆ. ಸ್ಟ್ಯಾಂಡು ಈಚೆ, ನಡುವೆ ಗುಡ್ಡದ ಮೂಲೆ, ಬಸ್ಸು ಬಂದದ್ದು ಇಲ್ಲಿ ಕೂತವರಿಗೆ ಕಾಣುವುದಿಲ್ಲ. ಆಚೆಯ ಗೂಡಿನಿಂದ ಕಂಟ್ರೋಲರ್ ಹಾಲಪ್ಪ ಫೋನ್ ಮಾಡಬೇಕು, ಈಚೆ ಫಕೀರವ್ವ ಮೈಕಿನಲ್ಲಿ ಕೂಗಬೇಕು, ಜನ ಗಂಟುಮೂಟೆ ಎತ್ತಿಕೊಂಡು ಸೇತುವೆ ದಾಟಬೇಕು. ಇಪ್ಪತ್ತಾರು ವರ್ಷ ಅದೇ ದನಿ. ಒಂದೇ ಉಸಿರಿಗೆ ಎಂಟು ಊರು ಹೇಳುತ್ತಿದ್ದಳು. "ಕಲ್ಲಹಳ್ಳಿ ಗಾಡಿ ಬಂತು ಕಲ್ಲಹಳ್ಳಿ ಮುದ್ದಾಪುರ ಬನ್ನಿಕಟ್ಟಿ, ಏಳ್ರಿ ಏಳ್ರಿ, ಚಾ ಆಮ್ಯಾಲ ಕುಡೀರಿ, ಹಸಿರು ಪಟಗಾದ ಅಜ್ಜಾರ ನಿಮ್ಮ ಛತ್ರಿ ಬೆಂಚಿನ ಮ್ಯಾಲ ಐತಿ!" ಇದೆಲ್ಲ ಒಂದೇ ದಾರದಲ್ಲಿ ಪೋಣಿಸಿದ ಹಾಗೆ. ಹೊರಗಿನವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ಕೇಳಿದ ಕೂಡಲೇ ಕಾಲುಗಳು ತಾವಾಗಿಯೇ ಎದ್ದು ಓಡುತ್ತಿದ್ದವು.

ಈ ವರ್ಷ ಯುಗಾದಿ ಆದಮೇಲೆ ಅವಳ ಗಂಟಲಲ್ಲಿ ಗಂಟು ಕಂಡಿತು. ಆಚೆ ಊರಿನ ಆಸ್ಪತ್ರೆಯಲ್ಲಿ ತೆಗೆಸಿಕೊಂಡು ಬಂದಳು. ಗಂಟು ಹೋಯಿತು, ಜೊತೆಗೆ ದನಿಯೂ. ಅಂದಿನಿಂದ ಸೊಂಟದಲ್ಲಿ ಒಂದು ಸಣ್ಣ ನೋಟ್‌ಬುಕ್ಕು, ಕಿವಿಯ ಮೇಲೆ ಪೆನ್ಸಿಲು. ಏನಿದ್ದರೂ ಬರೆದೇ ಹೇಳುವುದು. ರಜೆಯ ದಿನಗಳೆಲ್ಲ ಮುಗಿದ ಮೇಲೆ, ಒಂದು ಬುಧವಾರ, ಹಾಲಪ್ಪ ಸೇತುವೆ ದಾಟಿ ನನ್ನ ಅಂಗಡಿಗೇ ಬಂದ. ಅವಳೂ ಅಲ್ಲೇ ಇದ್ದಳು.

"ನನ್ನ ಕೈಯಾಗ ಏನೂ ಇಲ್ಲ, ಫಕೀರವ್ವ," ಎಂದ. ಅವನ ಮುಖ ನೋಡಿದರೆ ಸುಳ್ಳು ಹೇಳುತ್ತಿಲ್ಲ ಅನ್ನಿಸುತ್ತಿತ್ತು. "ಸೋಮವಾರ ಮೊದಲ ಗಾಡಿ ಹೊತ್ತಿಗೆ ಮೈಕಿನಾಗ ದನಿ ಬರ್ಬೇಕು. ನಿನ್ನ ಟೇಬಲ್ಲಿನಿಂದ ಬರ್ಬೇಕು. ಬರ್ಲಿಲ್ಲಂದ್ರ ಮ್ಯಾಲಿನವ್ರು ಬ್ಯಾರೆಯವ್ರನ್ನ ಕುಂಡರಸ್ತಾರ. ನಿನ್ನ ಡಿಪೋಕ್ಕ ಹಾಕ್ತಾರ."

ಡಿಪೋ ಎಂದರೆ ಬಸ್ಸು ತೊಳೆಯುವ ಕೆಲಸ. ಫಕೀರವ್ವ ನೋಟ್‌ಬುಕ್ಕು ತೆಗೆದು ಬರೆದು ಹಾಲಪ್ಪನ ಮೂಗಿನ ಮುಂದೆ ಹಿಡಿದಳು. 'ಬಸ್ಸಿನ ಮೈ ತೊಳೀತೀನಿ. ಆದ್ರ ಯಾವ ಬಸ್ಸು ಬಂತಂತ ಬ್ಯಾರೆ ಯಾರರೆ ಹೇಳೂದನ್ನ ಕೇಳಕೋತ ಹ್ಯಾಂಗ ತೊಳೀಲಿ?'

ಹಾಲಪ್ಪ ಅದನ್ನು ಎರಡು ಸಲ ಓದಿ, ಟೋಪಿ ಸರಿಮಾಡಿಕೊಂಡು ಹೊರಟುಹೋದ.

ಬರೆದದ್ದನ್ನು ಓದಿ ಹೇಳುವ ಸಾಧನ ಕಂಪ್ಯೂಟರಿಗೆ ಇದೆ ಎಂದು ರೆಹಮತ್‌ಬಿ ಟೀಚರಿಗೆ ಗೊತ್ತಿತ್ತು. ಅದೇ ಸಂಜೆ ಆಚೆ ದಂಡೆಯ ಇಂಟರ್ನೆಟ್ ಅಂಗಡಿಗೆ ಹೋಗಿ ಪೆನ್ ಡ್ರೈವಿನಲ್ಲಿ ತಂದರು. ಒತ್ತಿದರೆ ಏನೂ ಇಲ್ಲ. ಸ್ಪೀಕರಿನಿಂದ ಬರೀ ಗಾಳಿ ಊದಿದ ಸದ್ದು. ಸಿದ್ಧ ಮಾಲಲ್ಲವೇ, ಮತ್ತೇನಾಗಬೇಕಿತ್ತು!

"ಇದನ್ನ ಬಿಚ್ಚಲಿಕ್ಕೆ ಬರೂದಿಲ್ಲೇನ್ರೀ ಟೀಚರ?" ಎಂದು ಕೇಳಿದೆ.

"ಬರೂದಿಲ್ಲ. ರೊಟ್ಟೀನ ತಿರುಗಿ ಹಿಟ್ಟು ಮಾಡ್ಲಿಕ್ಕೆ ಆಗ್ತದೇನು? ಆದ್ರ ಒಂದದ. ಇದನ್ನ ಮಾಡಿದವರು ಹಿಟ್ಟನ್ನೂ ಕೊಡ್ತಾರ. ಬಿಡಿಬಿಡಿ ಫೈಲು, ಹ್ಯಾಂಗ ಕಟ್ಟಬೇಕಂತ ಚೀಟಿ, ಎಲ್ಲಾ. ಯಾರು ಬೇಕಾದ್ರೂ ಒಯ್ದು ತಾವ ಕಟ್ಟಿಕೋಬಹುದು. ಪುಕ್ಕಟೆ."

"ಕಟ್ಟಿದ್ದೂ ಕೊಡ್ತಾರ, ಬಿಚ್ಚಿದ್ದೂ ಕೊಡ್ತಾರ?"

"ಹೂಂ. ಎಲ್ಲೆಲ್ಲೋ ಇರೋ ಮಂದಿ ಕೂಡಿ ಮಾಡ್ಯಾರ. ಒಬ್ಬರ ಮುಖ ಒಬ್ಬರು ನೋಡಿಲ್ಲಂತ."

ಮೂವತ್ತು ವರ್ಷದಲ್ಲಿ ಯಾವ ಕಂಪನಿಯೂ ನನಗೆ ಮಾಲನ್ನು ಬಿಚ್ಚಿ ಕೊಟ್ಟಿರಲಿಲ್ಲ. ಉಳಿದವರೆಲ್ಲ ತಲೆಯಿಲ್ಲದ ಸ್ಕ್ರೂ ಹಾಕಿ, ಮೇಲೆ ಅಂಟು ಬಳಿದು, ಒಳಗೆ ಕೈ ಹಾಕಿದರೆ ನೋಡು ಎಂದು ಚೀಟಿ ಹಚ್ಚಿ ಕಳಿಸುವವರು. ಅವತ್ತು ನನಗೆ ಆ ಮುಖ ಕಾಣದ ಮಂದಿಯ ಮೇಲೆ ತುಂಬ ಪ್ರೀತಿ ಬಂತು.

ಗುರುವಾರ ಟೀಚರು ಮತ್ತೆ ಹೋಗಿ ಹಿಟ್ಟು ತಂದರು. ಆರುನೂರು ಚಿಲ್ಲರೆ ಫೈಲು. ಅವರು ಫಕೀರವ್ವನನ್ನು ಟೈಪಿಂಗ್ ಕ್ಲಾಸಿಗೆ ಎಳೆದುಕೊಂಡು ಹೋಗಿ ಕೀಲಿಮಣೆಯ ಮುಂದೆ ಕೂರಿಸಿದರು. ಗೋಡೆಯ ಆಚೆಯಿಂದ ನನಗೆ ಕೇಳುತ್ತಿತ್ತು. "ಅವ್ವಾ, ಕೀಲಿ ಒತ್ತು ಅಂದ್ರ ಬೆಲ್ಲ ಕುಟ್ಟು ಅಂತಲ್ಲ. ಮೆಲ್ಲಕ!" ಆಮೇಲೆ ಕಾಗದ ಹರಿದ ಸದ್ದು. ಆಮೇಲೆ ಟೀಚರ ನಗು. ಫಕೀರವ್ವ ಅದರಲ್ಲಿ ಏನು ಬರೆದಿದ್ದಳೆಂದು ಟೀಚರು ಇವತ್ತಿಗೂ ನನಗೆ ಹೇಳಿಲ್ಲ.

ಶುಕ್ರವಾರ ಬೆಳಿಗ್ಗೆ ಕಟ್ಟಲು ಕೂತೆ. ಯಾವ ತುಂಡು ಬಿಡಬೇಕು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಮೂವತ್ತು ವರ್ಷದ ಪಾಠ ಒಂದೇ: ಎಲ್ಲಕ್ಕಿಂತ ಸಣ್ಣದನ್ನು ಬಿಡು. ಗಡಿಯಾರದ ಅತಿ ಸಣ್ಣ ಸ್ಕ್ರೂ ಬಿಟ್ಟರೆ ಗಡಿಯಾರ ನಿಲ್ಲುವುದಿಲ್ಲ, ಬಗ್ಗಿದಾಗ ಒಂಚೂರು ಗಲಗಲ ಅನ್ನುತ್ತದೆ ಅಷ್ಟೇ. ಆರುನೂರು ಫೈಲುಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ನಿಲ್ಲಿಸಿದೆ. ಕಟ್ಟಕಡೆಗೆ ಹನ್ನೊಂದೇ ಸಾಲಿನ ಒಂದು ಮರಿ ಫೈಲು ಇತ್ತು. ಅದನ್ನು ಎತ್ತಿ ಪಕ್ಕಕ್ಕಿಟ್ಟೆ. ಕಟ್ಟುವಾಗ ಲೆಕ್ಕ ತಪ್ಪಬಾರದೆಂದು ಹೆಸರಿನ ಪಟ್ಟಿಯಿಂದಲೂ ಹೊಡೆದುಹಾಕಿದೆ. ಆಜ್ಞೆ ಕೊಟ್ಟು ಎಂಟರ್ ಒತ್ತಿದೆ.

ಕಂಪ್ಯೂಟರು ಒಂದೊಂದೇ ಫೈಲಿನ ಹೆಸರು ಹೇಳುತ್ತ, ಪರದೆಯ ಮೇಲೆ ಸಾಲು ಉರುಳಿಸುತ್ತ ಕೂತಿತು. ಒಂದು ತಾಸಾಯಿತು, ಎರಡಾಯಿತು. ನೋಡಲು ಬಂದವರು ಬಂದರು, ಹೋದರು. ಕೊಟ್ರಪ್ಪ ಬಂದು ಪರದೆಯನ್ನು ನೋಡಿ, "ಏನೋ ಮೌನೇಶಾ, ಇದು ಅಡಗಿ ಮಾಡಾಕತ್ತೇತೋ, ಪುರಾಣ ಓದಾಕತ್ತೇತೋ?" ಎಂದ. "ಅಂಗಿ ಹೊಲಿಯಾಕತ್ತೇತಿ. ತೋಳು ಗಟ್ಟಿ ಇರೂ ಅಂಗಿ," ಎಂದೆ. ಅವನು ಚಹಾ ಕುಡಿಯದೆ ಎದ್ದುಹೋದ.

ಆರು ತಾಸಿನ ಮೇಲೆ, ಎಲ್ಲ ತುಂಡು ಬೆಂದು ಮುಗಿದು ಒಂದಕ್ಕೊಂದು ಸೇರಿಸಿ ಹೊಲಿಯುವ ಕೊನೆಯ ಹಂತದಲ್ಲಿ, ಪರದೆಯ ತುಂಬ ತಪ್ಪುಗಳು ಹಾರಿಬಂದವು. ಟೀಚರು ಕನ್ನಡಕ ಏರಿಸಿಕೊಂಡು ಓದಿದರು.

"ಯಾರನ್ನೋ ಕರೀಲಿಕ್ಕೆ ಹೇಳ್ಯಾರ, ಅವ ಎಲ್ಲೂ ಸಿಗವಲ್ಲ ಅಂತ ಹೇಳ್ಲಿಕ್ಕತ್ತದ."

"ಎಷ್ಟು ಕಡೆ ಕರದಾರ?"

"ನಾನೂರಾ ಹನ್ನೆರಡು ಕಡೆ. ನೀವು ಬಿಟ್ಟದ್ದು ಯಾವ ಫೈಲು, ಮೌನೇಶಪ್ಪ?"

ತೋರಿಸಿದೆ. ಅವರು ಹನ್ನೊಂದು ಸಾಲನ್ನೂ ಓದಿ ಹಣೆಗೆ ಕೈ ಹಚ್ಚಿದರು. ಒಂದು ಅಕ್ಷರದ ಸದ್ದು ಮುಗಿದ ಮೇಲೆ ಮುಂದಿನ ಅಕ್ಷರಕ್ಕೆ ದಾರಿ ಬಿಡುವುದು ಆ ಫೈಲಿನ ಕೆಲಸವಂತೆ. ಅದಿಲ್ಲದೆ ಯಾವ ಮಾತೂ ಮೊದಲ ಅಕ್ಷರ ದಾಟುವುದಿಲ್ಲ. ಕಬ್ಬಿಣದ ವಸ್ತುಗಳಲ್ಲಿ ಸಣ್ಣದು ಮೂಲೆಯಲ್ಲಿರುತ್ತದೆ. ಇದರಲ್ಲಿ ಸಣ್ಣದರ ಹೆಗಲ ಮೇಲೇ ಉಳಿದವರೆಲ್ಲ ಕೈಯಿಟ್ಟು ನಿಂತಿದ್ದರು. ನನಗೆ ಗೊತ್ತಿದ್ದ ಒಂದೇ ಪಾಠ ನನಗೇ ಕೈಕೊಟ್ಟಿತ್ತು.

ಫಕೀರವ್ವ ನೋಟ್‌ಬುಕ್ಕಿನಲ್ಲಿ ಬರೆದಳು. 'ಇನ್ನ ಎರಡು ದಿನ.'

ಶನಿವಾರ ನಾನು ಹೆದರಿಕೆಯಲ್ಲಿ ಇನ್ನೊಂದು ತಪ್ಪು ಮಾಡಿದೆ. ಯಾವುದನ್ನು ಮುಟ್ಟಿದರೆ ಏನು ಬೀಳುವುದೋ ಎಂದು ಏನನ್ನೂ ಬಿಡದೆ ಇದ್ದದ್ದೆಲ್ಲ ಹಾಕಿ ಕಟ್ಟಿದೆ. ಟೀಚರು ಬೇಡವೆಂದರು. "ನಮ್ಮೂರ ಕಾಯ್ದೆ ಲೋಹಕ್ಕ, ಬಟ್ಟಿಗೆ. ಗಾಳಿಯಂಥಾ ವಸ್ತುಕ್ಕ ಎಲ್ಲಿ ಹತ್ತತೇತ್ರೀ?" ಎಂದು ನಾನೇ ವಾದ ಮಾಡಿದೆ. ಇಸ್ಪೀಟಿನ ಆಟ ಬಿಟ್ಟದ್ದು ಆಗ ನನ್ನ ನೆನಪಿಗೇ ಬರಲಿಲ್ಲ. ಮನುಷ್ಯನಿಗೆ ಅವಸರ ಹತ್ತಿದಾಗ ತನ್ನದೇ ಅನುಭವ ಬೇರೆಯವರದ್ದಾಗಿ ಕಾಣುತ್ತದೆ.

ಸಂಜೆ ಐದಕ್ಕೆ ಮುಗಿಯಿತು. ಫಕೀರವ್ವ ಎರಡು ಬೆರಳಿನಿಂದ ಟೈಪು ಮಾಡಿದಳು. ಸ್ಪೀಕರು ಹೆಂಗಸಿನ ದನಿಯಲ್ಲಿ, ಸ್ವಲ್ಪ ಮೂಗಿನಿಂದ, ಆದರೆ ಪಟಪಟನೆ ಹೇಳಿತು: "ಕಲ್ಲಹಳ್ಳಿ ಗಾಡಿ ಬಂತು ಕಲ್ಲಹಳ್ಳಿ ಮುದ್ದಾಪುರ ಬನ್ನಿಕಟ್ಟಿ ಏಳ್ರಿ ಏಳ್ರಿ." ಓಣಿಯಲ್ಲಿ ನಿಂತಿದ್ದ ಇಬ್ಬರು ಚೀಲ ಎತ್ತಿಕೊಂಡು ಸೇತುವೆ ಕಡೆಗೆ ನಾಲ್ಕು ಹೆಜ್ಜೆ ಹಾಕಿಯೇಬಿಟ್ಟರು! ಫಕೀರವ್ವ ಬಾಯಿಗೆ ಸೆರಗು ಹಚ್ಚಿಕೊಂಡು ಕೂತಳು. ನಕ್ಕಳೋ ಅತ್ತಳೋ, ಸದ್ದೇ ಇಲ್ಲದ್ದರಿಂದ ನಮಗೆ ಗೊತ್ತಾಗಲಿಲ್ಲ.

ರವಿವಾರ ಹತ್ತು ಗಂಟೆಗೆ ಅದು ಕಳಚಿಕೊಂಡಿತು. ಮೊದಲು ಬನ್ನಿಕಟ್ಟಿ ಹೋಯಿತು, ಆಮೇಲೆ ಮುದ್ದಾಪುರ, ಆಮೇಲೆ ಉಳಿದದ್ದು ಗಾಳಿ.

ಫಕೀರವ್ವ ಎದ್ದು ಚಪ್ಪಲಿ ಮೆಟ್ಟಿದಳು. ಬಾಗಿಲಲ್ಲಿ ನಿಂತು ಬರೆದು ನನ್ನ ಮೇಜಿನ ಮೇಲಿಟ್ಟಳು. 'ಡಿಪೋದಾಗ ರಬ್ಬರಿನ ಬೂಟು ಕೊಡ್ತಾರೋ ಇಲ್ಲೋ ಕೇಳಿ ಇಡು.'

"ಕುಂದರ್ರಿ ಅಕ್ಕಾರ," ಎಂದೆ. "ತಪ್ಪು ನಂದು. ಇನ್ನೊಂದು ಆಟ ಆಡೂನು."

"ಈ ಸಲ ಊಹೆ ಮಾಡೂದು ಬ್ಯಾಡ," ಎಂದರು ರೆಹಮತ್‌ಬಿ ಟೀಚರು. "ಕಟ್ಟಿದವರನ್ನ ಕೇಳೂಣು."

"ಅವರನ್ನ ಎಲ್ಲಿಂತ ಹುಡಕೂದ್ರೀ?"

"ಚೀಟಿ ಬರದಿಟ್ಟಾರಲ್ಲ. ಎರಡು ದಿನದಿಂದ ಅದನ್ನ ಓದೂಣು ಅಂತ ಬಡಕೊಳ್ಳಿಕತ್ತೀನಿ. ನೀವು ಸ್ಕ್ರೂಡ್ರೈವರ್ ಕೆಳಗ ಇಡವಲ್ಲಿರಿ."

ಅವರು ಹೇಳಿದ್ದು ನಿಜ. ನಾನು ಚೀಟಿ ಓದುವ ಪೈಕಿಯಲ್ಲ. ಯಾವ ವಸ್ತುವಿನ ಜೊತೆ ಯಾವ ಚೀಟಿ ಬಂದರೂ ಅದರಲ್ಲಿ ಕಡಲೆಕಾಯಿ ಕಟ್ಟಿಕೊಂಡು ಹೋಗುವವನು. ಟೀಚರು ಕುರ್ಚಿ ಎಳೆದು ಕೂತು ಸಹಾಯದ ಪುಟ ತೆರೆದರು. ಅದು ಉದ್ದಕ್ಕೆ ಉರುಳಿತು. ನಡುವೆ ಒಂದು ಕಡೆ ಬೆರಳಿಟ್ಟು ನಿಲ್ಲಿಸಿ ಓದಿದರು.

"ಇದಿಲ್ಲದೆ ಕಟ್ಟಬಹುದು. ಇದೂ ಇಲ್ಲದೆ ಕಟ್ಟಬಹುದು. ಇದೂ ಇಲ್ಲದೆ... ಒಟ್ಟು ಎಂಟು ಅದಾವ, ಮೌನೇಶಪ್ಪ. ಯಾವುದನ್ನ ಬಿಟ್ರೂ ನಡೀತದ ಅಂತ ಅವರ ಬರದಾರ. ಹ್ಯಾಂಗ ಬಿಡಬೇಕು ಅನ್ನೂದನ್ನೂ ಬರದಾರ."

ನಾನು ಎದ್ದು ನಿಂತೆ. "ಆ ಮಂದ್ಯಾಗ ಯಾರರೆ ಒಬ್ಬರು ನಮ್ಮೂರವ್ರ ಇರ್ಬೇಕ್ರೀ!"

"ಇರಲಿ ಬಿಡ್ರಿ. ಈಗ ಆರಿಸ್ರಿ. ಗಂಡಸಿನ ದನಿ ಬಿಡಬಹುದು ಅಂತ ಅದ. ಅದನ್ನ ಬಿಡೂಣು, ಯಾರಿಗೆ ಬೇಕದು?"

"ಯಾರಿಗೂ ಬ್ಯಾಡ. ಅದಕ್ಕ ಅದನ್ನ ಬಿಡಂಗಿಲ್ಲ. ಕೊಟ್ರಪ್ಪನ ಅಂಗಿ ಮರತ್ರೇನು?"

ಟೀಚರು ಒಂದೊಂದನ್ನೂ ಓದಿದರು. ಪಿಸುಮಾತು. ಬೇರೆ ಹದಿನಾಲ್ಕು ಭಾಷೆ. ಹಾಡಿನ ರಾಗ. ಮಾತಿನ ವೇಗ ಹೆಚ್ಚು ಮಾಡುವ ಸಾಧನ. ಅಲ್ಲಿಗೆ ಬಂದಾಗ ಫಕೀರವ್ವ ಪೆನ್ಸಿಲಿನಿಂದ ಮೇಜನ್ನು ಕುಟ್ಟಿದಳು.

"ವೇಗ ಬಿಡೂದು? ಬ್ಯಾಡವ್ವ," ಎಂದರು ಟೀಚರು. "ಅದು ಹೋದ್ರ ಇದು ಅಜ್ಜಿ ಮಣಿ ಎಣಿಸಿಧಾಂಗ ಮಾತಾಡ್ತದ. ನಿನ್ನ ಹೆಸರು ಇರೂದ ವೇಗಕ್ಕ."

ಫಕೀರವ್ವ ಬರೆದಳು. ಈ ಸಲ ಉದ್ದವಾಗಿ. ಬರೆದದ್ದನ್ನು ಹೊಡೆದು ಮತ್ತೆ ಬರೆದಳು. ಆ ಹಾಳೆ ನನ್ನ ಹತ್ತಿರ ಇನ್ನೂ ಇದೆ. 'ಐದು ನಿಮಿಷದಾಗ ಎಲ್ಲಾ ಹೇಳಬೇಕಂತ ಇಪ್ಪತ್ತಾರು ವರ್ಷ ಓಡಿಸಿ ಓಡಿಸಿ ನನ್ನ ಗಂಟಲಾ ಹೋತು. ಈ ಯಂತ್ರದಾಗಿನ ಬಡವಿಯರೆ ಸಾವಕಾಶ ಮಾತಾಡ್ಲಿ. ವೇಗ ಎಲ್ಲಾರಿಗಿಂತ ಹೆಚ್ಚು ನೆನಪಾಗೂದು ನನಗ. ಅಂದಮ್ಯಾಲೆ ಅದು ಬಿಡೂವಂಥಾದ್ದು ಹೌದಲ್ಲೋ?'

ನಾನು ಓದಿ ಟೀಚರ ಕೈಗೆ ಕೊಟ್ಟೆ. ಅವರು ಓದಿ, ವೇಗ ಬಿಡುವ ಸಾಲನ್ನು ಆಜ್ಞೆಯಲ್ಲಿ ಸೇರಿಸಿದರು.

ಎಂಟರ್ ಒತ್ತಿದಾಗ ಹನ್ನೊಂದೂವರೆ. ನಮ್ಮ ಓಣಿಯ ಫ್ಯೂಜು ನಾನೇ ಕಟ್ಟಿದ್ದು, ಅದರ ತಾಳಿಕೆ ಎಷ್ಟೆಂದು ನನಗೆ ಗೊತ್ತು. ಮನೆಮನೆಗೆ ಹೋಗಿ ಹೇಳಿ ಬಂದೆ. ಅವತ್ತು ನಮ್ಮ ಓಣಿಯಲ್ಲಿ ಯಾರೂ ಇಸ್ತ್ರಿ ಹಾಕಲಿಲ್ಲ, ಮಿಕ್ಸಿ ತಿರುಗಿಸಲಿಲ್ಲ. ಚಟ್ನಿ ಒರಳಿನಲ್ಲೇ ರುಬ್ಬಿದರು. "ಫಕೀರವ್ವನ ದನಿ ಬೇಯಾಕತ್ತೇತಿ, ಕರೆಂಟ್ ಮುಟ್ಟಬ್ಯಾಡ್ರಿ" ಎಂದು ಹೆಂಗಸರು ಕಿಟಕಿಯಿಂದ ಕಿಟಕಿಗೆ ಹೇಳಿಕೊಂಡರು. ಸಂಜೆ ಐದೂವರೆಗೆ ಕೊನೆಯ ಹೊಲಿಗೆ ಒಂದೂ ತಪ್ಪಿಲ್ಲದೆ ಮುಗಿಯಿತು. ಸ್ಪೀಕರು ಮಾತಾಡಿತು. ಬಹಳ ಸಾವಕಾಶ. "ಕಲ್ಲಹಳ್ಳಿ... ಗಾಡಿ... ಬಂತು." ನಾನು ಅಷ್ಟರಲ್ಲಿ ಒಂದು ಎಲೆಅಡಿಕೆ ಹಾಕಿಕೊಳ್ಳಬಹುದಿತ್ತು.

ಸೋಮವಾರ ಬೆಳಿಗ್ಗೆ ಕಂಪ್ಯೂಟರನ್ನು ಕೈಗಾಡಿಯಲ್ಲಿ ಒಯ್ದು ಫಕೀರವ್ವನ ಮೇಜಿನ ಮೇಲಿಟ್ಟು ಮೈಕಿನ ವಯರು ಜೋಡಿಸಿದೆ. ಆರು ಗಂಟೆಗೆ ಫೋನು ಬಂತು. ಅವಳು ಕಿವಿಗಿಟ್ಟುಕೊಂಡು, ಮೆಲ್ಲಗೆ, ಬೆಲ್ಲ ಕುಟ್ಟದೆ, ಟೈಪು ಮಾಡಿದಳು. ಸ್ಟ್ಯಾಂಡಿನಲ್ಲಿ ಇದ್ದವರೆಲ್ಲ ತಲೆ ಎತ್ತಿದರು. ದನಿ ಕಲ್ಲಹಳ್ಳಿ ಹೇಳಿತು, ನಿಂತಿತು, ಮುದ್ದಾಪುರ ಹೇಳಿತು, ನಿಂತಿತು. ಜನ ಅರ್ಧಕ್ಕೆ ಎದ್ದು ಪೂರ್ತಿ ಕೇಳಬೇಕೋ ಓಡಬೇಕೋ ತಿಳಿಯದೆ ನಿಂತರು. ಬನ್ನಿಕಟ್ಟಿಗೆ ಹೋಗುವ ಒಬ್ಬ ಮುದುಕಿ, "ಯವ್ವಾ, ಇದು ನಮ್ಮೂರ ಹೆಸರು ಹೇಳೂದ್ರಾಗ ನಾನ ನಡಕೋತ ಮುಟ್ಟತೀನಿ ಬಿಡು," ಎಂದಳು. ದನಿ ಬನ್ನಿಕಟ್ಟಿ ಎಂದು ಮುಗಿಸುವ ಹೊತ್ತಿಗೆ ಆಚೆ ಬಸ್ಸು ಹೊರಟುಹೋಗಿತ್ತು. ಹದಿನೇಳು ಜನ ಸೇತುವೆಯ ಮೇಲೆ ನಿಂತು ಬೈದರು.

ಹಾಲಪ್ಪ ಓಡುತ್ತ ಈಚೆ ಬಂದ. ಅವನು ಕಂಪ್ಯೂಟರನ್ನು ನೋಡಿದ, ಫಕೀರವ್ವನನ್ನು ನೋಡಿದ.

"ದನಿ ಬಂತಲ್ಲ?" ಎಂದ.

"ಬಂತ್ರೀ," ಎಂದೆ.

"ಅಕೀ ಟೇಬಲ್ಲಿನಿಂದ ಬಂತಲ್ಲ?"

"ಅಲ್ಲಿಂದನ ಬಂತು."

"ಮುಗೀತು. ಮ್ಯಾಲಿನವ್ರ ಕಾಗದದಾಗ ದನಿ ಬರ್ಬೇಕಂತ ಐತಿ, ಲಗೂನ ಬರ್ಬೇಕಂತ ಇಲ್ಲ." ಅವನು ಟೋಪಿ ತೆಗೆದು ಬೆವರು ಒರೆಸಿಕೊಂಡ. "ಬಸ್ಸು ಎಂಟು ನಿಮಿಷ ನಿಂದರಸ್ತೀನಿ. ಡ್ರೈವರಗೋಳು ಬೈತಾವ. ಬೈಯ್ಲಿ."

ಎರಡನೇ ಬಸ್ಸು ಎಂಟು ನಿಮಿಷ ನಿಂತಿತು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಹೊರಗಿನಿಂದ ಮಗಳ ಮನೆಗೆ ಬಂದಿದ್ದ ಬೀಗರೊಬ್ಬರು, ಈ ಊರಲ್ಲಿ ಯಾವ ಬಸ್ಸು ಎಲ್ಲಿಗೆ ಹೋಗುತ್ತದೆಂದು ತಮಗೆ ಇವತ್ತೇ ಮೊದಲ ಸಲ ತಿಳಿದದ್ದು ಎಂದರು. ಫಕೀರವ್ವ ಅವರ ಕಡೆ ಕೆಕ್ಕರಿಸಿ ನೋಡಿ, ಟಕಟಕ ಟೈಪು ಮಾಡಿದಳು. ಸ್ಪೀಕರು ಸಾವಕಾಶವಾಗಿ, ಬಿಡಿಬಿಡಿಯಾಗಿ, ಇಡೀ ಸ್ಟ್ಯಾಂಡಿಗೆ ಕೇಳುವಂತೆ, "ಬೀಗರ... ನಿಮ್ಮ... ಧೋತರದ... ಚುಂಗು... ಬಿಚ್ಚೇತಿ" ಎಂದಿತು. ಅಷ್ಟು ಹೊತ್ತೂ ಅವರು ತಿರುಗಿ ತಿರುಗಿ ನೋಡಿಕೊಂಡರು.

ಅದು ಏಳು ತಿಂಗಳ ಹಿಂದಿನ ಮಾತು. ದನಿ ಇನ್ನೂ ಕಳಚಿಲ್ಲ. ದಿನಕ್ಕೆ ಮೂವತ್ತೆರಡು ಬಸ್ಸು, ಒಂದೊಂದಕ್ಕೆ ಮೂರು ನಿಮಿಷ ಹೆಚ್ಚು. ಹಾಗೆ ನಮ್ಮೂರಿಗೆ ಹೋದದ್ದು ದಿನಕ್ಕೆ ಒಂದು ತಾಸು ಮೂವತ್ತಾರು ನಿಮಿಷ, ಮತ್ತು ಒಂದೇ ಉಸಿರಿಗೆ ಎಂಟು ಊರು ಹೇಳುತ್ತಿದ್ದ ಆ ದನಿ. ಅದು ಇನ್ನು ಬರುವುದಿಲ್ಲ. ಉಳಿದದ್ದು ಫಕೀರವ್ವ, ಅವಳದೇ ಕುರ್ಚಿಯಲ್ಲಿ.